ನೀಲವ್ವನ ಬೆನ್ನು

ನನಗೊಂದು ಚಟವಿದೆ. ಬಸ್ಸಿನಲ್ಲಿ ಕುಳಿತರೆ ಕಿಟಕಿಯಾಚೆ ನೋಡುವುದಿಲ್ಲ, ಮುಂದಿನ ಸೀಟಿನವರ ಕತ್ತು ನೋಡುತ್ತೇನೆ. ಕತ್ತು, ಕಿವಿಯ ಹಿಂಭಾಗ, ಹೆರಳು ಶುರುವಾಗುವ ಕಡೆ ಬಾಚಣಿಗೆಗೆ ಸಿಗದೆ ಉಳಿದ ಪುಟ್ಟ ಕೂದಲು, ರವಿಕೆಯ ಅಂಚಿನಲ್ಲಿ ಬೆವರಿಗೆ ಬಣ್ಣ ಬಿಟ್ಟ ಗೆರೆ. ಮುಖವನ್ನಾದರೆ ಪೌಡರು ಹಚ್ಚಿ, ಸ್ವಲ್ಪ ನಗುವನ್ನೂ ಹಚ್ಚಿ ಹೊರಗೆ ತರುತ್ತೇವೆ. ಕತ್ತಿಗೆ ಅಷ್ಟೆಲ್ಲ ಉಪಚಾರ ಮಾಡಲು ಯಾರಿಗೆ ಪುರುಸೊತ್ತು? ಅದು ತಾನಿರುವ ಹಾಗೆಯೇ ಬಸ್ಸು ಹತ್ತಿ ಬಂದಿರುತ್ತದೆ. ಒಮ್ಮೆ ಕನಕಪುರ ರಸ್ತೆಯ ಬಸ್ಸಿನಲ್ಲಿ ಮುಂದೆ ಕುಳಿತಿದ್ದ ಹೆಂಗಸೊಬ್ಬರು ಇದ್ದಕ್ಕಿದ್ದಂತೆ ತಿರುಗಿ, ಬೆನ್ನ ಮೇಲೆ ಏನಾದರೂ ಹರಿದಾಡುತ್ತಿದೆಯಾ ಎಂದು ಕೇಳಿದರು. ಇಲ್ಲ ಆಂಟಿ, ಚೆನ್ನಾಗಿದೆ ಅಂದೆ. ಅವರು ಸೆರಗನ್ನು ಮೈತುಂಬ ಹೊದ್ದುಕೊಂಡು ಮುಂದಿನ ಸ್ಟಾಪಿನಲ್ಲಿ ಸೀಟು ಬದಲಾಯಿಸಿದರು. ಅವರನ್ನು ದೂರುವಂತಿಲ್ಲ.

ಈ ಚಟ ಹುಟ್ಟಿನಿಂದ ಬಂದದ್ದಲ್ಲ. ನಾನು ಚಿತ್ರ ಬರೆಯುವವಳು, ಆದರೆ ಮೂವತ್ತು ದಾಟುವವರೆಗೆ ಮನುಷ್ಯರನ್ನು ನೋಡದೆಯೇ ಚಿತ್ರ ಬರೆದೆ. ನೋಡುವುದನ್ನು ಕಲಿಸಿದ್ದು ರೇಣುಕಾ ಎಂಬ ಗೆಳತಿ ಮತ್ತು ಅವಳು ಬರೆದ ಒಂದು ಬೆನ್ನು. ಆ ಬೆನ್ನಿನ ಕಥೆಗೆ ಹೋಗುವ ಮೊದಲು ನಾನು ಎಂಥ ಕಲಾವಿದೆಯಾಗಿದ್ದೆ ಎಂದು ಹೇಳಿಬಿಡುತ್ತೇನೆ. ನಗುವುದಿದ್ದರೆ ನಗಿ, ಅಡ್ಡಿಯಿಲ್ಲ.

ನಾನು ಬೆಳೆದದ್ದು ತಿಲಕ್ ನಗರದಲ್ಲಿ, ಒಂದೇ ಗೋಡೆಯನ್ನು ಹಂಚಿಕೊಂಡ ಸಾಲುಮನೆಗಳ ನಡುವೆ. ನಮ್ಮ ಮನೆಯಲ್ಲಿದ್ದ ಕಲಾಸಂಪತ್ತು ಎಂದರೆ ದಿನಸಿ ಅಂಗಡಿಯವರು ವರ್ಷಕ್ಕೊಮ್ಮೆ ಕೊಡುತ್ತಿದ್ದ ಕ್ಯಾಲೆಂಡರು. ಅದರ ಲಕ್ಷ್ಮಿಯನ್ನು ನೋಡಿ ನೋಡಿ ಬರೆಯುವುದು ನನ್ನ ರಜೆಯ ಕೆಲಸ. ಕಿರೀಟ ಬರುತ್ತಿತ್ತು, ಸೀರೆಯ ನೆರಿಗೆ ಬರುತ್ತಿತ್ತು, ಕಣ್ಣೂ ಸುಮಾರಾಗಿ ಬರುತ್ತಿತ್ತು. ಕೈ ಬರುತ್ತಿರಲಿಲ್ಲ. ಬೆರಳುಗಳೆಲ್ಲ ಬೆಂಡೆಕಾಯಿಯ ಗೊಂಚಲಿನಂತಾಗುತ್ತಿದ್ದವು. ಮನುಷ್ಯರಾದರೆ ಎರಡೇ ಕೈ, ಹೇಗೋ ನಿಭಾಯಿಸಬಹುದು, ದೇವತೆಗಳಿಗೆ ನಾಲ್ಕು. ನಾನು ಉಪಾಯ ಹುಡುಕಿದೆ. ಎರಡು ಕೈಗಳನ್ನು ತಾವರೆಯ ಹಿಂದೆ ಬಚ್ಚಿಟ್ಟೆ, ಇನ್ನೆರಡನ್ನು ಮೋಡದೊಳಗೆ ಸೇರಿಸಿದೆ. ಲಕ್ಷ್ಮಿಯ ಕೈ ಎಲ್ಲಿ ಹೋಯಿತೆಂದು ಅಮ್ಮ ಕೇಳಿದರೆ, ಮೋಡ ಸರಿದ ಮೇಲೆ ಕಾಣುತ್ತದೆ ಎನ್ನುತ್ತಿದ್ದೆ.

ಆಮೇಲೆ ಚಿತ್ರಕಲಾ ಶಾಲೆಗೆ ಸೇರಿದೆ. ಅಲ್ಲಿ ನನಗಾದ ಸಂತೋಷವನ್ನು ಏನೆಂದು ಹೇಳಲಿ. ಮನುಷ್ಯಾಕೃತಿಯ ಕಾಲ ಮುಗಿಯಿತು, ಮನುಷ್ಯರನ್ನು ಹಿಡಿಯಲು ಕ್ಯಾಮೆರಾ ಇದೆ, ಕಲಾವಿದನಾದವನು ಒಳಗಿನದನ್ನು ಬರೆಯಬೇಕು ಎಂದು ನಮ್ಮ ಮೇಷ್ಟ್ರೊಬ್ಬರು ಹೇಳಿದರು. ಕ್ಲಾಸಿನಲ್ಲಿ ಕೆಲವರು ವಾದ ಮಾಡಿದರು. ನಾನು ಮಾಡಲಿಲ್ಲ. ಒಳಗಿನದಕ್ಕೆ ಕೈ ಇರುವುದಿಲ್ಲವಲ್ಲ! ಒಮ್ಮೆ ನಮ್ಮನ್ನೆಲ್ಲ ಬೇಗೂರಿನ ದೇವಸ್ಥಾನಕ್ಕೆ ಸ್ಕೆಚ್ ಮಾಡಲು ಕರೆದುಕೊಂಡು ಹೋಗಿದ್ದರು. ಉಳಿದವರು ಕಲ್ಲಿನ ಮೈಗಳ ಮುಂದೆ ಕೂತು ತಿದ್ದುತ್ತಿದ್ದರೆ ನಾನು ಕೆರೆಯ ಕಡೆ ಮುಖ ಮಾಡಿ ಕೂತು ನೀರು, ಆಕಾಶ, ನಡುವೆ ಒಂದು ಗೆರೆ ಬರೆದುಕೊಂಡು ಬಂದೆ. ಮೇಷ್ಟ್ರು ಬೆನ್ನು ತಟ್ಟಿದರು.

ಹೀಗೆ ನಾನು ಅಮೂರ್ತ ಕಲಾವಿದೆಯಾದೆ. ಜಯನಗರದ ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರ್ ಕೆಲಸ ಸಿಕ್ಕಿತು. ಮಕ್ಕಳಿಗೆ ಮಾವಿನಕಾಯಿ, ಕೊಡೆ, ಸೂರ್ಯೋದಯ ಹೇಳಿಕೊಡುವುದು. ಮನೆಗೆ ಬಂದು ಚೌಕ, ವೃತ್ತಗಳನ್ನು ಬರೆಯುವುದು. ಅವಕ್ಕೆ 'ಅಂತರಾಳ ಒಂದು', 'ಅಂತರಾಳ ಎರಡು' ಎಂದು ಹೆಸರಿಡುತ್ತಿದ್ದೆ. ಈಗ ಅವುಗಳ ಬಗ್ಗೆ ಹಗುರವಾಗಿ ಮಾತಾಡುತ್ತೇನಾದರೂ ಕೆಲವು ಚೆನ್ನಾಗಿಯೇ ಇದ್ದವು. ಅಮೂರ್ತ ಚಿತ್ರದ ಮೇಲೆ ನನಗೆ ಇವತ್ತಿಗೂ ಮುನಿಸಿಲ್ಲ. ನನ್ನ ತಕರಾರೇನಿದ್ದರೂ ನಾನು ಅದರ ಮನೆಗೆ ಹೋಗಿ ಅಡಗಿಕೊಂಡದ್ದರ ಬಗ್ಗೆ.

ಚಿತ್ರ ಬರೆಯಲು ಜರಗನಹಳ್ಳಿಯಲ್ಲಿ ತಾರಸಿಯ ಮೇಲೆ ಶೀಟು ಹೊದಿಸಿದ ಒಂದು ರೂಮು ಹಿಡಿದಿದ್ದೆ. ಮನೆಯ ಯಜಮಾನಿ ಪಿಳ್ಳಮ್ಮ. ಹಿಂದೆ ಅವರ ರಾಗಿ ಹೊಲವಿದ್ದ ಜಾಗದಲ್ಲಿ ಈಗ ಅವರದೇ ಬಾಡಿಗೆ ಮನೆಗಳು. ಹೊಲ ಹೋದರೂ ಅಭ್ಯಾಸ ಹೋಗದೆ, ದಿನಕ್ಕೊಂದು ಸಲ ಏನನ್ನಾದರೂ ಒಣಹಾಕಲು ತಾರಸಿಗೆ ಬರುತ್ತಿದ್ದರು. ಬಂದಾಗ ನನ್ನ ರೂಮಿನೊಳಗೆ ಇಣುಕಿ ಕ್ಯಾನ್‌ವಾಸ್ ನೋಡಿ, ಇನ್ನೂ ಮುಗಿದಿಲ್ಲವೇ ಎಂದು ವಿಚಾರಿಸುತ್ತಿದ್ದರು. ಮುಗಿದಿದೆ ಎಂದರೆ ಬೇಸರವಾದೀತೆಂದು, ಇನ್ನೊಂದು ವಾರ ಆಗಬಹುದು ಅನ್ನುತ್ತಿದ್ದೆ.

ರೇಣುಕಾ ಸಿಕ್ಕಿದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಅಮ್ಮನ ರಕ್ತ ಪರೀಕ್ಷೆಗೆಂದು ನಾಲ್ಕನೇ ಬ್ಲಾಕಿನ ಒಂದು ಲ್ಯಾಬಿಗೆ ಹೋಗಿದ್ದೆ. ಕೌಂಟರಿನಲ್ಲಿ ಕುಳಿತಿದ್ದ ಹುಡುಗಿ ನಮ್ಮ ಹೆಸರು ಬರೆದುಕೊಂಡ ಮೇಲೆ ತಲೆ ತಗ್ಗಿಸಿ ಇನ್ನೇನನ್ನೋ ಗೀಚುತ್ತಿದ್ದಳು. ಬಗ್ಗಿ ನೋಡಿದರೆ, ಹತ್ತಿಯನ್ನು ಮೊಣಕೈ ಸಂದಿನಲ್ಲಿ ಅದುಮಿಕೊಂಡು ಬೆಂಚಿನ ಮೇಲೆ ಸಾಲಾಗಿ ಕುಳಿತ ಜನ. ನಾಲ್ಕಾರು ಗೆರೆಗಳಲ್ಲಿ ಒಬ್ಬೊಬ್ಬರ ಭಯವೂ ಬೇರೆ ಬೇರೆಯಾಗಿ ಕಾಣುತ್ತಿತ್ತು. ನಮ್ಮಮ್ಮನೂ ಇದ್ದರು. ಸೂಜಿ ಎಂದರೆ ಏನೂ ಅಲ್ಲ ಎಂದು ದಾರಿಯುದ್ದಕ್ಕೂ ಜಂಬ ಕೊಚ್ಚಿದ ಅಮ್ಮ, ಆ ಕಾಗದದಲ್ಲಿ ಕಾಲ್ಬೆರಳುಗಳನ್ನು ಬಿಗಿಯಾಗಿ ಮಡಚಿಕೊಂಡು ಕೂತಿದ್ದರು. ತಿರುಗಿ ನೋಡಿದೆ. ನಿಜಕ್ಕೂ ಮಡಚಿಕೊಂಡಿದ್ದರು.

ಅವಳದು ಬಾಗಲಕೋಟೆಯ ಕಡೆ. ಅಲ್ಲೇ ಚಿತ್ರಕಲೆಯಲ್ಲಿ ಡಿಪ್ಲೊಮಾ ಮಾಡಿ, ಮದುವೆಯಾಗಿ, ಗಂಡ ಶಿವಾನಂದನ ಕೆಲಸದ ಜೊತೆ ಇಲ್ಲಿಗೆ ಬಂದಿದ್ದಳು. ಶಿವಾನಂದ ಒಂದು ಕೊರಿಯರ್ ಆಫೀಸಿನಲ್ಲಿದ್ದ. ಬಿಟಿಎಂ ಲೇಔಟಿನಲ್ಲಿ ಒಂದೇ ಕೋಣೆಯ ಬಾಡಿಗೆ ಮನೆ. ಅದರಲ್ಲಿ ಗಂಡ, ಹೆಂಡತಿ ಮತ್ತು ಅತ್ತೆ ನೀಲವ್ವ. ಈಸೆಲ್ ನಿಲ್ಲಿಸಿದರೆ ಮನುಷ್ಯರು ಹೊರಗೆ ನಿಲ್ಲಬೇಕು. ಭಾನುವಾರಗಳಲ್ಲಿ ನನ್ನ ರೂಮಿಗೆ ಬಂದು ಬರೆಯಿರಿ ಎಂದೆ. ಬಂದಳು.

ಅವಳು ಬರೆಯುವುದನ್ನು ನೋಡುವುದೇ ನನಗೊಂದು ಹೊಸ ಪಾಠವಾಯಿತು. ಅವಳಿಗೆ ಒಳಗಿನದು, ಹೊರಗಿನದು ಎಂಬ ಚರ್ಚೆಯೇ ಗೊತ್ತಿರಲಿಲ್ಲ. ಗಂಡ ಬನಿಯನ್ನಿನಲ್ಲಿ ನೆಲದ ಮೇಲೆ ಮಲಗಿ, ಒಂದು ಕಾಲನ್ನು ಗೋಡೆಗೆ ಏರಿಸಿ ಕ್ರಿಕೆಟ್ ಕಾಮೆಂಟರಿ ಕೇಳುವುದನ್ನು ಬರೆದಳು. ನೀರಿನ ಟ್ಯಾಂಕರಿಗೆ ಕಾಯುತ್ತ ಬಿಂದಿಗೆಗಳ ಮೇಲೆಯೇ ಕುಳಿತುಬಿಟ್ಟ ಹೆಂಗಸರನ್ನು ಬರೆದಳು. ನಾನು ಕೇಳಿದ್ದೆ: ಕ್ಯಾಮೆರಾ ಇರುವಾಗ ಇದೆಲ್ಲ ಯಾಕೆ? ಅವಳು ಬಣ್ಣ ಕಲಸುತ್ತಲೇ, ಫೋಟೊ ಅಂದರೆ ಜನ ಸೆಟೆದು ನಿಲ್ಲುತ್ತಾರೆ, ನಾನು ಅವರು ಸಡಿಲಾಗುವ ತನಕ ಕಾಯುತ್ತೇನೆ ಎಂದಳು. ಮೇಷ್ಟ್ರ ಇಡೀ ಭಾಷಣಕ್ಕೆ ಅಷ್ಟು ಸಣ್ಣ ಉತ್ತರ ಇರಬಹುದೆಂದು ನಾನು ಎಣಿಸಿರಲಿಲ್ಲ.

ಒಂದು ಭಾನುವಾರ ಅವಳು ಎತ್ತರದ ಕ್ಯಾನ್‌ವಾಸ್ ಒಂದನ್ನು ಶುರುಮಾಡಿದಳು. ಎರಡು ಮೂರು ವಾರ ಅದು ಏನೆಂದೇ ತಿಳಿಯಲಿಲ್ಲ. ಮಣ್ಣಿನ ಬಣ್ಣದ ಒಂದು ದೊಡ್ಡ ಆಕಾರ, ಅಷ್ಟೆ. ನಾಲ್ಕನೆಯ ವಾರ ಮನೆಯ ಕೆಲಸ ಮುಗಿಸಿ ತಡವಾಗಿ ರೂಮಿಗೆ ಬಂದವಳು ಬಾಗಿಲಲ್ಲೇ ನಿಂತೆ. ನೀಲಿ ಪ್ಲಾಸ್ಟಿಕ್ ಬಕೀಟಿನ ಪಕ್ಕ, ಗಿಡ್ಡ ಮಣೆಯ ಮೇಲೆ, ನಮಗೆ ಬೆನ್ನು ಮಾಡಿ ಕುಳಿತ ವಯಸ್ಸಾದ ಹೆಂಗಸು. ಸೊಂಟದ ಕೆಳಗೆ ಒದ್ದೆ ಸೀರೆ. ಮೇಲೆ ಬರೀ ಬೆನ್ನು.

ನಾನು ಎಷ್ಟೋ ಬೆನ್ನುಗಳನ್ನು ಚಿತ್ರಗಳಲ್ಲಿ ನೋಡಿದ್ದೆ. ಅವೆಲ್ಲ ನೋಡಿಸಿಕೊಳ್ಳಲೆಂದೇ ಇದ್ದ ಬೆನ್ನುಗಳು. ಈ ಬೆನ್ನಿಗೆ ನಾವು ಬಂದದ್ದೇ ಗೊತ್ತಿರಲಿಲ್ಲ. ಎಡ ಹೆಗಲು ಬಲಕ್ಕಿಂತ ಕೆಳಗೆ ಜಾರಿತ್ತು. ಕಂದು ಮೈ ಎಂದರೆ ಕಂದು ಬಣ್ಣವೆಂದು ತಿಳಿದಿದ್ದವಳಿಗೆ, ಅದರೊಳಗೆ ಹಸಿರು, ನೇರಳೆ, ಭುಜದ ಮೇಲೆ ನೀರು ನಿಂತ ಕಡೆ ಆಕಾಶದ ಒಂದು ಚೂರು ಕಾಣಿಸಿತು. ಬೆನ್ನುಹುರಿಯ ಎಡಕ್ಕೆ ಎರಡು ದುಂಡನೆಯ ಮಾಸಲು ಚುಕ್ಕಿಗಳು. ಕೆಳಗೆ ಸೊಂಟದ ಸುತ್ತ, ಲಂಗದ ಲಾಡಿ ಬಿಗಿದು ಬಿಗಿದು ಆದ ಕಪ್ಪು ಗೆರೆ.

ಆ ಗೆರೆಯ ಮುಂದೆ ನಾನು ಬಹಳ ಹೊತ್ತು ನಿಂತಿದ್ದೆ. ನೀವೇ ಯೋಚಿಸಿ. ಸೀರೆ ಉಡುವ ಯಾವ ಹೆಂಗಸಿಗೆ ಆ ಗೆರೆ ಇಲ್ಲ? ನಮ್ಮಮ್ಮನಿಗಿದೆ, ನನಗಿದೆ, ಸಂಜೆ ಲಾಡಿ ಸಡಿಲಿಸಿದಾಗ ತುರಿಸುವ ಅದನ್ನು ಬೆರಳಿಂದ ಸವರಿಕೊಂಡು ಹಾಗೆಯೇ ಮರೆಯುತ್ತೇವೆ. ಆದರೆ ಕಲ್ಲಿನ ಸುಂದರಿಯರಿಗೆ ಅದಿಲ್ಲ. ಕ್ಯಾಲೆಂಡರಿನ ದೇವತೆಗಳಿಗಿಲ್ಲ. ಇಷ್ಟು ವರ್ಷಗಳಿಂದ ಇಷ್ಟು ಜನರ ಮೈಮೇಲೆ ಇರುವ ಒಂದು ಗೆರೆ, ನನಗೆ ತಿಳಿದಂತೆ ಮೊದಲ ಸಲ ಒಂದು ಚಿತ್ರದೊಳಗೆ ಬಂದಿತ್ತು. ನನ್ನ ಅಂತರಾಳಗಳು ಗೋಡೆಗೆ ಒರಗಿ ಅದನ್ನೇ ನೋಡುತ್ತಿದ್ದವು.

ಯಾರು ಎಂದು ಕೇಳಿದೆ. ಅತ್ತೆ ಎಂದಳು. ನೀಲವ್ವನಿಗೆ ಹೆಗಲು ಹಿಡಿದುಕೊಂಡು ತೋಳು ಮೇಲೇಳುತ್ತಿರಲಿಲ್ಲ, ಹಾಗಾಗಿ ಬೆನ್ನುಜ್ಜುವ ಕೆಲಸ ಇವಳದು. ಕಣ್ಣಿಗಿಂತ ಕೈಗೆ ಚೆನ್ನಾಗಿ ನೆನಪಿದೆ, ಕೈಗೆ ಗೊತ್ತಿದ್ದದ್ದನ್ನೇ ಬರೆದೆ ಅಂದಳು. ಅತ್ತೆಯವರನ್ನು ಕೇಳಿದ್ದೀರಾ ಎಂದೆ. ಅವಳು ಬ್ರಶ್ಶು ತೊಳೆಯತೊಡಗಿದಳು.

ಅಷ್ಟರಲ್ಲಿ ಪಿಳ್ಳಮ್ಮ ಮೆಣಸಿನಕಾಯಿ ಮೊರ ಹಿಡಿದು ಬಂದರು. ಎಂದಿನಂತೆ ಇಣುಕಿದವರು ಇಣುಕಿದಷ್ಟೇ ವೇಗದಲ್ಲಿ ಹಿಂದೆ ಸರಿದರು. ಆಮೇಲೆ ತಗ್ಗಿದ ದನಿಯಲ್ಲಿ, "ಆ ಬಾಗ್ಲು ಮುಂದಕ್ಕೆ ಹಾಕವ್ವ. ಪಾಪ, ಆಯಮ್ಮ ನೀರು ಹಾಕ್ಕೊತಾವ್ಳೆ" ಎಂದು ಹೇಳಿ, ತಾವೇ ಕೈ ಚಾಚಿ ಬಾಗಿಲೆಳೆದುಕೊಂಡು ಹೋದರು.

ನನ್ನ ಚಿತ್ರಗಳಿದ್ದ ಆ ರೂಮಿನ ಬಾಗಿಲು ವರ್ಷಗಟ್ಟಲೆ ತೆರೆದೇ ಇತ್ತು. ಯಾರಿಗೂ ಮುಚ್ಚಬೇಕೆನಿಸಿರಲಿಲ್ಲ. ಒಳಗೆ ಯಾರಾದರೂ ಇದ್ದರಲ್ಲವೇ ಮುಚ್ಚುವುದು?

ಕೆಲವು ತಿಂಗಳ ನಂತರ ಜೆಪಿ ನಗರದ ಒಂದು ಸಣ್ಣ ಗ್ಯಾಲರಿಯಲ್ಲಿ ನಮ್ಮಿಬ್ಬರ ಚಿತ್ರಗಳ ಪ್ರದರ್ಶನ ಏರ್ಪಾಡಾಯಿತು. ಗ್ಯಾಲರಿ ಎಂದರೆ ಒಬ್ಬ ನಿವೃತ್ತ ಡಾಕ್ಟರರ ಮನೆಯ ಕೆಳಗಿನ ಹಾಲು. ಗೋಡೆಗೆ ಸುಣ್ಣ ಬಳಿಸಿ ದೀಪ ಹಾಕಿಸಿ, ಚಿತ್ರ ಬರೆಯುವವರಿಗೆ ಬಿಟ್ಟುಕೊಡುತ್ತಿದ್ದರು. ಒಂದು ಗೋಡೆಯ ಮೇಲೆ ನನ್ನ ಅಂತರಾಳಗಳು, ಎದುರು ಗೋಡೆಯ ಮೇಲೆ ರೇಣುಕಾಳ ಜನ. ಬಂದವರು ನನ್ನ ಗೋಡೆಯನ್ನು ಮರ್ಯಾದೆಯಿಂದ ನೋಡಿ, ಅವಳ ಗೋಡೆಯ ಮುಂದೆ ನಿಂತು ಮಾತಾಡತೊಡಗುತ್ತಿದ್ದರು. ನಮ್ಮ ಚಿಕ್ಕಪ್ಪ ಹೀಗೇ ಮಲಗ್ತಿದ್ರು, ನಮ್ಮ ಬೀದಿಯಲ್ಲೂ ಟ್ಯಾಂಕರಿಗೆ ಇದೇ ಪಾಡು, ಎಂದೆಲ್ಲ. ನನಗೆ ಹೊಟ್ಟೆಕಿಚ್ಚಾಯಿತೇ ಎಂದು ಕೇಳುತ್ತೀರೇನೋ. ಆಯಿತು. ಆದರೆ ನಾನೂ ಅವಳ ಗೋಡೆಯ ಮುಂದೆಯೇ ನಿಂತಿರುತ್ತಿದ್ದುದರಿಂದ ಹೊಟ್ಟೆಕಿಚ್ಚು ಪಡಲು ಹೆಚ್ಚು ಸಮಯ ಸಿಗಲಿಲ್ಲ.

ಮೂರನೆಯ ದಿನವೋ ಏನೋ ಪತ್ರಿಕೆಯೊಂದರ ಒಳಪುಟದಲ್ಲಿ ಪ್ರದರ್ಶನದ ಸುದ್ದಿ ಬಂತು, ಜೊತೆಗೆ ಅಂಗೈಯಗಲದ ಕಪ್ಪುಬಿಳುಪು ಫೋಟೊ. ಬೆನ್ನಿನದೇ. ಕೆಳಗೆ ರೇಣುಕಾಳ ಹೆಸರು, ಚಿತ್ರದ ಹೆಸರು: 'ಅತ್ತಿ', ಅವರ ಕಡೆಯ ಮಾತಿನಲ್ಲಿ ಅತ್ತೆ.

ಶಿವಾನಂದನ ಅಣ್ಣ ಈರಣ್ಣ ಬನಶಂಕರಿಯಲ್ಲಿದ್ದರು. ಊರಿನಿಂದ ಯಾರೋ ಅವರ ಪಕ್ಕದ ಮನೆಗೆ ಫೋನು ಮಾಡಿ ಕರೆಸಿ, ನಿಮ್ಮ ತಾಯಿಯವರನ್ನು ಪೇಪರಿನಲ್ಲಿ ಹಾಕಿದ್ದಾರಂತಲ್ಲ ಎಂದು ಕೇಳಿದ್ದರು. ಸಂಜೆ ಅವರು ಪೇಪರು ಮಡಚಿ ಹಿಡಿದುಕೊಂಡು ಬಿಟಿಎಂ ಮನೆಗೆ ಬಂದದ್ದನ್ನು ರೇಣುಕಾ ಆಮೇಲೆ ನನಗೆ ಹೇಳಿದಳು. ಈರಣ್ಣ ಗಟ್ಟಿಯಾಗಿ ಬೈಯುವ ಜಾತಿಯವರಲ್ಲ. ನಾಚಿಕೆಯಿಂದ ಕೆಂಪಾಗಿ, ನಾಳೆಯೊಳಗೆ ಅದನ್ನು ಅಲ್ಲಿಂದ ತೆಗೆಸಬೇಕು, ಊರಲ್ಲಿ ತಲೆಯೆತ್ತುವಂತಿಲ್ಲ ಎಂದರು. ಶಿವಾನಂದ ನೆಲ ನೋಡುತ್ತ ಕೂತ. ಅಡುಗೆಯ ಕಟ್ಟೆಯ ಹತ್ತಿರ ಸೊಪ್ಪು ಬಿಡಿಸುತ್ತಿದ್ದ ನೀಲವ್ವ, ಏನು ತೆಗೆಸಬೇಕು ಎಂದು ಕೇಳಿದರು. ಹೆತ್ತ ಮಕ್ಕಳು ತಾಯಿಯ ಮುಂದೆ ಆ ಮಾತನ್ನು ಹೇಗೆ ಹೇಳುವುದು? ಕೊನೆಗೆ ಶಿವಾನಂದ ಪೇಪರನ್ನೇ ಅವರ ಮುಂದೆ ಹಿಡಿದ. ಮಸಿ ಹರಡಿದ ಆ ಫೋಟೊವನ್ನು ನೀಲವ್ವ ದೂರ ಹಿಡಿದು, ಹತ್ತಿರ ಹಿಡಿದು ನೋಡಿ, ಯಾವುದೋ ಗುಡ್ಡ ಇದ್ದ ಹಾಗಿದೆ ಎಂದರಂತೆ.

ಮರುದಿನ ಬೆಳಿಗ್ಗೆ ಗ್ಯಾಲರಿ ತೆರೆಯುವ ಮೊದಲೇ ರೇಣುಕಾ ಬಂದಳು. ರಾತ್ರಿ ನಿದ್ದೆ ಮಾಡಿದ ಹಾಗಿರಲಿಲ್ಲ. ಸೀದಾ ಹೋಗಿ ಚಿತ್ರವನ್ನು ಗೋಡೆಯಿಂದ ಇಳಿಸತೊಡಗಿದಳು. ನಾನು ತಡೆದೆ. ತಡೆದದ್ದಷ್ಟೇ ಅಲ್ಲ, ಒಂದು ಭಾಷಣವನ್ನೂ ಮಾಡಿದೆ. ಕಲಾವಿದೆಯ ಸ್ವಾತಂತ್ರ್ಯ, ಸಮಾಜದ ಸಂಕುಚಿತ ದೃಷ್ಟಿ, ಇಂದು ಇಳಿಸಿದರೆ ನಾಳೆ ಬ್ರಶ್ಶನ್ನೇ ಇಳಿಸಬೇಕಾಗುತ್ತದೆ, ಎಂದೆಲ್ಲ. ಎದುರು ಗೋಡೆಯ ನನ್ನ ಚೌಕಗಳ ಬೆಂಬಲ ನನಗಿತ್ತು. ಅವಳು ಕ್ಯಾನ್‌ವಾಸಿನ ಒಂದು ಅಂಚು ಹಿಡಿದು ನಿಂತೇ ಎಲ್ಲವನ್ನೂ ಕೇಳಿಸಿಕೊಂಡಳು.

"ಅದು ನನ್ನ ಬೆನ್ನಲ್ಲ ರೀ" ಅಂದಳು. "ನನ್ನದಾಗಿದ್ರ ಜಗಳಾಡ್ತಿದ್ದೆ. ಅವರದಕ್ಕ ನಾ ಹ್ಯಾಂಗ ಜಗಳಾಡ್ಲಿ?"

ನಾನು ಇನ್ನೊಂದು ಅಂಚು ಹಿಡಿದೆ. ಇಬ್ಬರೂ ಸೇರಿ ಇಳಿಸಿ, ಗೋಡೆಯ ಕಡೆ ಮುಖ ಮಾಡಿ ನೆಲದ ಮೇಲಿಟ್ಟೆವು. ಚೌಕವನ್ನು ಬರೆದವಳು ಚೌಕಕ್ಕೆ ಉತ್ತರ ಕೊಡಬೇಕಿಲ್ಲ. ಮನುಷ್ಯರನ್ನು ಬರೆದರೆ, ಆ ಮನುಷ್ಯರು ಒಂದು ದಿನ ಎದುರಿಗೆ ಬಂದು ನಿಲ್ಲಬಹುದು. ಈ ಬಗೆಯ ಚಿತ್ರದ ಕಷ್ಟ ಬೆರಳು ಮೂಡಿಸುವುದರಲ್ಲಿದೆ ಎಂದು ಚಿಕ್ಕಂದಿನಿಂದ ತಿಳಿದಿದ್ದೆ. ನಿಜವಾದ ಕಷ್ಟ ಇಲ್ಲಿತ್ತು.

ನಿಲ್ಲಬಹುದು ಎಂದುಕೊಳ್ಳುವಷ್ಟರಲ್ಲಿ ಗೇಟಿನ ಮುಂದೆ ಆಟೋ ನಿಂತಿತು. ಶಿವಾನಂದನ ಕೈ ಹಿಡಿದು ನೀಲವ್ವ ಇಳಿದರು. ಹಸಿರು ಇಳಕಲ್ ಸೀರೆ, ತಲೆಯ ಮೇಲೆ ಸೆರಗು, ಮದುವೆಗೆ ಬಂದವರ ಹಾಗಿದ್ದರು. ಹಿಂದೆಯೇ ಸ್ಕೂಟರಿನಲ್ಲಿ ಈರಣ್ಣ. ಅಮ್ಮ ನೋಡಿಯೇ ಹೇಳುತ್ತೇನೆ ಎಂದು ಹಟ ಹಿಡಿದರು ಎಂದು ಶಿವಾನಂದ ನಮಗೆ ಮೆಲ್ಲನೆ ಹೇಳಿದ. ನೀಲವ್ವ ಒಳಗೆ ಬಂದು ಸುತ್ತ ನೋಡಿದರು. ನನ್ನ ಗೋಡೆಯ ಮುಂದೆ ಕ್ಷಣ ನಿಂತು, ಇವು ಹಾಸಿಗೆಗೆ ಚೆಂದ ಕಾಣುತ್ತವೆ ಎಂದರು. ನನ್ನ ಚಿತ್ರಗಳ ಬಗ್ಗೆ ಯಾರಾದರೂ ಮನಸ್ಸಿಟ್ಟು ಹೇಳಿದ ಮೊದಲ ಒಳ್ಳೆಯ ಮಾತು ಅದು. ಆಮೇಲೆ ತಮ್ಮದೆಲ್ಲಿ ಎಂದು ಕೇಳಿದರು.

ರೇಣುಕಾ ನೆಲದ ಮೇಲಿದ್ದ ಕ್ಯಾನ್‌ವಾಸ್ ತೋರಿಸಿದಳು. ನೆಲದ ಮೇಲಿಟ್ಟರೆ ಹೇಗೆ ನೋಡಲಿ, ಎಲ್ಲಿತ್ತೋ ಅಲ್ಲೇ ಹಾಕಿ ಎಂದರು ನೀಲವ್ವ. ನಾವಿಬ್ಬರೂ ಮತ್ತೆ ಅದನ್ನು ಎತ್ತಿ ಮೊಳೆಗೆ ತಗುಲಿಸಿದೆವು. ಡಾಕ್ಟರರು ದೀಪ ಹಾಕಿದರು. ಈರಣ್ಣ ಬಾಗಿಲ ಕಡೆ ತಿರುಗಿ ನಿಂತರು.

ನೀಲವ್ವ ನೋಡುತ್ತ ನಿಂತ ಹೊತ್ತು ನನಗೆ ಬಹಳ ದೀರ್ಘವೆನಿಸಿತು. ಅವರ ಮುಖದಲ್ಲಿ ಏನೂ ತಿಳಿಯುತ್ತಿರಲಿಲ್ಲ. ರೇಣುಕಾ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡಿದ್ದಳು. ನೀಲವ್ವ ಹತ್ತಿರ ಹೋದರು, ಇನ್ನೂ ಹತ್ತಿರ ಹೋದರು, ಆಮೇಲೆ ತೋಳು ಏಳುವಷ್ಟು ಎತ್ತಿ ಆ ಎರಡು ಮಾಸಲು ಚುಕ್ಕಿಗಳನ್ನು ಬೆರಳ ತುದಿಯಿಂದ ಮುಟ್ಟಿದರು. ಚಿತ್ರಗಳನ್ನು ಮುಟ್ಟಬೇಡಿ ಎಂಬ ಬೋರ್ಡು ಪಕ್ಕದಲ್ಲೇ ಇತ್ತು. ಯಾರೂ ತಡೆಯಲಿಲ್ಲ.

"ಇವೇನವಾ?" ಎಂದರು.

"ಚುಟಿಗಿ, ಅತ್ತಿ. ನಿಮ್ಮ ಬೆನ್ನಾಗ ಅದಾವಲ್ಲ."

ಚುಟಿಗಿ ಎಂದರೆ ಬರೆ. ಅವರ ಕಡೆ ಹಿಂದೆ ಮಕ್ಕಳಿಗೆ ಜಡ್ಡಾದರೆ ಬಿಸಿ ತಾಗಿಸಿ ಬರೆ ಹಾಕುತ್ತಿದ್ದರಂತೆ.

"ಎರಡ ಅದಾವೇನು?" ನೀಲವ್ವ ಕೇಳಿದರು. "ಒಂದ ಹಾಕೀನಿ ಅಂತಿದ್ಲಲ್ಲ ನಮ್ಮವ್ವ."

ಎರಡು ಇವೆ ಎಂದು ರೇಣುಕಾ ಹೇಳಿದಳು. ನೀಲವ್ವ ಬೆರಳನ್ನು ಒಂದರಿಂದ ಇನ್ನೊಂದಕ್ಕೆ ಸರಿಸಿದರು. ತಾನು ಕೂಸಾಗಿದ್ದಾಗ ಬದುಕುತ್ತೇನೋ ಇಲ್ಲವೋ ಎಂಬಂತಾಗಿತ್ತಂತೆ, ತನಗಿಂತ ಮೊದಲಿನ ಮಕ್ಕಳು ಉಳಿದಿರಲಿಲ್ಲವಂತೆ, ಎಂದು ಯಾರಿಗೋ ಎಂಬಂತೆ ಹೇಳಿದರು. ಆಮೇಲೆ, "ಒಂದಕ್ಕ ಜಡ್ಡ ಬಿಟ್ಟಿರಲಿಕ್ಕಿಲ್ಲ. ಎರಡನೇದ ಹಾಕಿ, ನನಗ ಹೇಳಾಕ ಮನಸ ಆಗಿರಲಿಕ್ಕಿಲ್ಲ ಆಕಿಗೆ" ಎಂದರು. ಡಾಕ್ಟರರು ಕುರ್ಚಿ ತಂದುಕೊಟ್ಟರು. ನೀಲವ್ವ ಕೂತರು. ಕೂತು, ಚಿತ್ರದಿಂದ ಕಣ್ಣು ತೆಗೆಯದೆ ಅಂದರು: "ಇಷ್ಟ ವಯಸ್ಸಾತು. ನನ್ನ ಬೆನ್ನ ನಾ ಎಂದೂ ನೋಡಿದ್ದಿಲ್ಲ."

ಈರಣ್ಣ ಬಾಗಿಲಿನಿಂದಲೇ, ಸಾಕು ಯವ್ವಾ, ನಡಿ, ಇದನ್ನು ತೆಗೆಸಿಬಿಡೋಣ ಎಂದು ಮೆಲ್ಲಗೆ ಕರೆದರು. ನೀಲವ್ವ ತಿರುಗಿದರು. ಮಗನ ಮೇಲೆ ಸಿಟ್ಟಿರಲಿಲ್ಲ.

"ಇದರ ಮ್ಯಾಲ ನಿದ್ದಿ ಮಾಡಿ ದೊಡ್ಡಾಂವ ಆಗೀದಿ ನೀ. ಆವಾಗ ಜೋಳಾ ಕೊಯ್ಯೂಮುಂದ ನಿನ್ನ ಕಟ್ಟಿಕೊಂಡ ತಿರಗತಿದ್ದೆ. ಆವಾಗ ನಿನಗ ನಾಚಿಕಿ ಬಂದಿದ್ದಿಲ್ಲ."

ಈರಣ್ಣ ಹೊರಗೆ ಹೋದರು. ಸ್ಕೂಟರ್ ಶುರುವಾದ ಸದ್ದು ಕೇಳಿಸಿತು.

ಇಲ್ಲಿಗೆ ಎಲ್ಲ ಸರಿಹೋಯಿತೆಂದು ನಾನು ಉಸಿರುಬಿಟ್ಟೆ. ನೀಲವ್ವ ಮುಗಿಸಿರಲಿಲ್ಲ. ಸೊಸೆಯನ್ನು ಹತ್ತಿರ ಕರೆದರು. ತನ್ನನ್ನು ಕೇಳಬೇಕಿತ್ತು ಎಂದರು. ಕೇಳಿದ್ದರೆ ಬೇಡ ಅನ್ನುತ್ತಿದ್ದೆ, ಅದಕ್ಕೇ ಕೇಳಲಿಲ್ಲವೇನು ಎಂದರು. ರೇಣುಕಾ ಹೌದೆಂದು ತಲೆಯಾಡಿಸಿದಳು. ಅವಳ ಕಣ್ಣಲ್ಲಿ ನೀರು ಬಂದಿತ್ತು. ಅದು ತಪ್ಪು, ಚಿತ್ರ ಎಷ್ಟೇ ಚೆಂದ ಬಂದಿರಲಿ ಅದು ತಪ್ಪೇ ಎಂದು ನೀಲವ್ವ ಸ್ಪಷ್ಟವಾಗಿ ಹೇಳಿ, ಆಮೇಲೆ ಚಿತ್ರದ ಪಕ್ಕ ಅಂಟಿಸಿದ್ದ ಚೀಟಿಯ ಕಡೆ ಕೈ ತೋರಿಸಿ ಅದರಲ್ಲಿ ಏನು ಬರೆದಿದೆ ಎಂದು ಕೇಳಿದರು.

"ಅತ್ತಿ ಅಂತ" ಎಂದಳು ರೇಣುಕಾ.

ನೀಲವ್ವ ಚೀಟಿಯ ಮೇಲೆ ಬೆರಳಿಟ್ಟರು.

"ನೀಲವ್ವ ಅಂತ ಬರಿ. ನಿನ್ನ ಮದಿವಿ ಆಗೂಕಿಂತ ಮೊದಲೂ ಈ ಬೆನ್ನ ಇತ್ತು."

ಅಕ್ಷರ ಚೆನ್ನಾಗಿದೆಯೆಂದು ಚೀಟಿಗಳನ್ನೆಲ್ಲ ನಾನೇ ಬರೆದಿದ್ದೆ. ಹೊಸದೊಂದನ್ನು ಬರೆಯಲು ಕೂತೆ. ಅಂತರಾಳಗಳಿಗೆ ಹೆಸರು ಬರೆಯುವಾಗ ನನ್ನ ಕೈ ಎಂದೂ ಅಷ್ಟು ಎಚ್ಚರದಿಂದ ಓಡಿರಲಿಲ್ಲ. ಮೊದಲನೆಯ ಚೀಟಿಯಲ್ಲಿ ವ ಒತ್ತು ಸರಿಬರಲಿಲ್ಲವೆಂದು ಹರಿದು, ಇನ್ನೊಂದು ಬರೆದು ಅಂಟಿಸಿದೆ. ಓದಲು ಬಾರದ ನೀಲವ್ವ ಅದನ್ನು ಶಿವಾನಂದನಿಂದ ಓದಿಸಿ ಖಾತ್ರಿ ಮಾಡಿಕೊಂಡರು.

ಅವತ್ತು ಅವರು ಮನೆಗೆ ಹೋಗಲಿಲ್ಲ. ಕುರ್ಚಿಯನ್ನು ಗೋಡೆಯ ಪಕ್ಕಕ್ಕೆ ಎಳೆಸಿಕೊಂಡು ಸಂಜೆಯ ತನಕ ಕೂತು, ಬಂದವರನ್ನೆಲ್ಲ ನೋಡಿದರು. ಬಂದವರಿಗೆ ಅವರು ಯಾರೆಂದು ಗೊತ್ತಿರಲಿಲ್ಲ. ಕಾಲೇಜು ಹುಡುಗಿಯೊಬ್ಬಳು ಚಿತ್ರದ ಮುಂದೆ ಬಹಳ ಹೊತ್ತು ನಿಂತು, ತನಗೆ ತಿಳಿಯದೆಯೇ ಕೈ ಹಿಂದಕ್ಕೆ ಕೊಂಡೊಯ್ದು ತನ್ನ ಬೆನ್ನನ್ನು ಮುಟ್ಟಿಕೊಂಡಳು. ನೀಲವ್ವ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ಮಧ್ಯಾಹ್ನ ದಾಟಿದ ಮೇಲೆ ಈರಣ್ಣ ಹಿಂದಿರುಗಿ ಬಂದರು. ಚಿತ್ರದ ಕಡೆ ನೋಡಲಿಲ್ಲ. ಬೇಕರಿಯಿಂದ ಕಟ್ಟಿಸಿಕೊಂಡು ಬಂದ ಖಾರಾ ಬನ್ನಿನ ಪೊಟ್ಟಣವನ್ನು ತಾಯಿಯ ತೊಡೆಯ ಮೇಲಿಟ್ಟು, ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ಶುಗರು ಇಳಿದೀತು ಎಂದು ಗೊಣಗಿದರು. ಅವರು ಆ ಚಿತ್ರವನ್ನು ಎಂದಾದರೂ ನೆಟ್ಟಗೆ ನೋಡಿದರೋ ಇಲ್ಲವೋ ನನಗೆ ತಿಳಿಯದು. ತೆಗೆಸುವ ಮಾತನ್ನು ಮಾತ್ರ ಮತ್ತೆ ಎತ್ತಲಿಲ್ಲ.

ಆಮೇಲೆ ನಾನು ಚೌಕಗಳನ್ನು ಒಮ್ಮೆಲೇ ಬಿಟ್ಟೆ ಎಂದರೆ ಸುಳ್ಳಾದೀತು. ನಿಧಾನವಾಗಿ ಬಿಟ್ಟೆ, ಅಥವಾ ಅವು ನನ್ನನ್ನು ಬಿಟ್ಟವು. ಮೊದಲು ಬರೆದದ್ದು ಪಿಳ್ಳಮ್ಮನನ್ನು, ಕೇಳಿಯೇ. ಬೆರಳುಗಳು ಈಗಲೂ ಒಮ್ಮೊಮ್ಮೆ ಬೆಂಡೆಕಾಯಿಗಳಾಗುತ್ತವೆ. ಬಚ್ಚಿಡಲು ಮೋಡ ಹುಡುಕುವುದಿಲ್ಲ, ಅಳಿಸಿ ಇನ್ನೊಮ್ಮೆ ನೋಡುತ್ತೇನೆ. ಎಲ್ಲೇ ಚಿತ್ರಪ್ರದರ್ಶನವಿರಲಿ, ಈ ಕಾಲದ ಹುಡುಗ ಹುಡುಗಿಯರು ಬರೆದ ಮನುಷ್ಯರ ಮುಂದೆ ನನ್ನ ಕಾಲು ತಾನಾಗಿ ನಿಲ್ಲುತ್ತದೆ. ಚಿತ್ರ ನುಣುಪಾಗಿದೆಯೇ, ಫೋಟೊದಂತಿದೆಯೇ ಎಂದು ನೋಡುವುದಿಲ್ಲ. ಅದರೊಳಗಿನ ಮನುಷ್ಯ ಇಲ್ಲಿಗೆ ಬಂದು ಇದನ್ನು ನೋಡಿದರೆ, ತನಗೆ ಗೊತ್ತಿರದ ಏನಾದರೊಂದು ತನ್ನ ಬಗ್ಗೆ ಸಿಗುತ್ತದೆಯೇ ಎಂದು ನೋಡುತ್ತೇನೆ. ಎಲ್ಲರ ಚಿತ್ರದಲ್ಲೂ ಸಿಗುವುದಿಲ್ಲ. ಸಿಕ್ಕಾಗ, ಪಿಳ್ಳಮ್ಮನ ಹಾಗೆ ದನಿ ತಗ್ಗಿಸಬೇಕೆನಿಸುತ್ತದೆ.

ಎರಡು ಸಾವಿರದ ಇಸವಿ ಕಳೆದ ಮೇಲೆ ನೀಲವ್ವ ತಾವಾಗಿಯೇ, ನನ್ನ ಮುಖ ಯಾವಾಗ ಬರೆಯುತ್ತಿ ಎಂದು ಸೊಸೆಯನ್ನು ಕೇಳಿದರು. ಅಷ್ಟು ಹೊತ್ತಿಗೆ ಅವರು ಎರಡು ಕೋಣೆಯ ಬಾಡಿಗೆ ಮನೆಗೆ ಬಂದಿದ್ದರು. ನಾನೂ ನೋಡಲು ಹೋಗಿ ಮೂಲೆಯಲ್ಲಿ ಕೂತಿದ್ದೆ. ಕಿಟಕಿಯ ಬಳಿ ಕೂರಿಸಿದರೆ ನೀಲವ್ವ ಗಳಿಗೆ ಸುಮ್ಮನಿರಲಿಲ್ಲ. ಕೆಳಗಿನ ಮನೆಯವರ ಜಗಳ, ಊರಿನ ಎಮ್ಮೆ, ಈರಣ್ಣನ ಮಗಳ ಪರೀಕ್ಷೆ. ಬಾಯಿ ಮುಚ್ಚಿ ಕೂರಿ ಎಂದು ರೇಣುಕಾ ಹೇಳಿ ಹೇಳಿ ಸಾಕಾಗಿ, ಕೊನೆಗೆ ಮಾತಾಡುವ ಬಾಯಿಯನ್ನೇ ಬರೆದಳು.

ಆ ಚಿತ್ರ ಈಗ ಅವರ ಮನೆಯ ಹಾಲಿನಲ್ಲಿದೆ. ನೀಲವ್ವ ಇಲ್ಲ. ಚಿತ್ರದಲ್ಲಿ ತಲೆಯ ಸೆರಗು ಸ್ವಲ್ಪ ಜಾರಿದೆ, ಕಣ್ಣು ಬರೆಯುತ್ತಿರುವವಳ ಮೇಲಿದೆ, ತುಟಿ ಅರ್ಧ ತೆರೆದಿದೆ. ನೋಡಿದವರೆಲ್ಲ ಅವರು ಏನು ಹೇಳುತ್ತಿದ್ದಾರೆ ಎಂದು ಕೇಳುತ್ತಾರೆ. ರೇಣುಕಾ ಬಣ್ಣದಲ್ಲಿ ಮುಳುಗಿದ್ದಳು, ಅವಳಿಗೆ ನೆನಪಿಲ್ಲ. ಮೂಲೆಯಲ್ಲಿ ಕೂತಿದ್ದ ನನಗೆ ನೆನಪಿದೆ. ಸೊಸೆಯ ಕಾಲ ಬಳಿ ನೆಲದ ಮೇಲೆ ಒಂದು ಚಹಾದ ಲೋಟವಿತ್ತು. ಅದನ್ನು ತೋರಿಸಿ ಅವರು ಹೇಳುತ್ತಿದ್ದರು: "ಚಾ ಆರಾಕತ್ತೇತಿ. ಕುಡದ ಬರಿಯವಾ, ನಾ ಎಲ್ಲಿ ಹೋಗತೀನಿ?"